ಗಾಡ್ಜಿಲ್ಲಾ, ಗೊಗೋಲಾ ಮತ್ತು ನಮ್ಮ ಸುಲೋಚನೆ

ಚಲಚ್ಚಿತ್ರದ ವಿಷಯವಾಗಿ ಬರೆಯಲು ನನಗೆ ಯಾವ ಅಧಿಕಾರವೂ ಇಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಓದಿದ್ದು ಬಿ.ಕಾಂ.; ಹೊಟ್ಟೆಪಾಡಿಗೆ ಮಾಡುತ್ತಿರುವುದು ಪುಣೆಯ ಒಂದು ಬ್ಯಾಂಕಿನಲ್ಲಿ ಗುಮಾಸ್ತಿಕೆ. ಜಮೆಗೂ ಖರ್ಚಿಗೂ ತಾಳೆ ಬಿದ್ದಿತೋ ಇಲ್ಲವೋ ಎಂದು ನೋಡುವುದಷ್ಟೇ ನಾನು ಬಲ್ಲ ವಿದ್ಯೆ. ಆದರೂ ಈ ವರ್ಷದ ರಾಜ್ಯೋತ್ಸವದ ಸಂಚಿಕೆಗೆ “ಇತಿಹಾಸದ ವಿಷಯವಾಗಿ ಏನಾದರೂ ಬರೆದುಕೊಡಿ” ಎಂದು ಸಂಘದ ಮಿತ್ರರು ಕೇಳಿದಾಗ, ಕದಂಬರನ್ನೂ ಚಾಲುಕ್ಯರನ್ನೂ ಬಲ್ಲವರಿಗೆ ಬಿಟ್ಟು, ಒಬ್ಬ ಜಪಾನೀ ರಾಕ್ಷಸನ ಕಥೆಯನ್ನು ಎತ್ತಿಕೊಂಡಿದ್ದೇನೆ. ಅದಕ್ಕೆ ಕಾರಣನಾದವನು ನನ್ನ ಮಗ.

ಆಷಾಢದ ಒಂದು ರವಿವಾರ. ಹೊರಗೆ ಪುಣೆಯ ಜಿಟಿಜಿಟಿ ಮಳೆ. ಎಂಟು ವರ್ಷದ ಹುಡುಗ ಹಠ ಹಿಡಿದು 1954ನೆಯ ಇಸವಿಯ ‘ಗಾಡ್ಜಿಲ್ಲಾ’ ಚಿತ್ರವನ್ನು ಹಾಕಿಸಿಕೊಂಡು ಕುಳಿತ. ಬಣ್ಣವಿಲ್ಲದ, ಅಜ್ಜನ ಕಾಲದ ಚಿತ್ರ. ಹತ್ತು ನಿಮಿಷದಲ್ಲಿ ಬೇಸರವಾಗಿ ಏಳುತ್ತಾನೆಂದು ನಾನು ತಿಳಿದಿದ್ದೆ. ಅವನು ಏಳಲಿಲ್ಲ, ನಾನೂ ಏಳಲಿಲ್ಲ. ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋಯಿತು. ಚಿತ್ರ ಮುಗಿದ ಮೇಲೆ ಅವನು ಕಣ್ಣೊರೆಸಿಕೊಳ್ಳುತ್ತ ಕೇಳಿದ: “ಅಪ್ಪಾ, ನಮ್ಮ ದೇಶದಾಗ ಇಂಥಾ ಸಿನಿಮಾ ಯಾರೂ ತಗದಿಲ್ಲೇನು?” ನನಗಿಂತ ಮೊದಲು ನನ್ನ ಹೆಂಡತಿಯೇ ಉತ್ತರ ಕೊಟ್ಟಳು: “ನಮಗೇನು ರಾಕ್ಷಸರ ಬರ ಬಂದದೇನು? ಹನುಮಪ್ಪ ಲಂಕಾ ಸುಟ್ಟಿದ್ದು ಮರತಿಯೇನು?” ಹುಡುಗನಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. “ಹಂಗಾದ್ರ ಆ ಸಿನಿಮಾ ಹಚ್ಚು” ಎಂದ. ಹಚ್ಚುವುದಕ್ಕೆಂದು ಹುಡುಕಿದೆ. ಹುಡುಕುತ್ತ ಹೋದಾಗ ನನಗೆ ಸಿಕ್ಕ ಸಂಗತಿಗಳನ್ನೂ, ಸಿಗದೆ ಹೋದ ಚಿತ್ರಗಳನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಜಪಾನಿನ ಕಥೆಯನ್ನು ಹೇಳಬೇಕು. 1954ರ ಮಾರ್ಚ್ 1ರಂದು ಅಮೆರಿಕೆಯು ಶಾಂತಸಾಗರದ ಬಿಕಿನಿ ಎಂಬ ಹವಳದ ದ್ವೀಪದಲ್ಲಿ ಜಲಜನಕ ಬಾಂಬೊಂದನ್ನು ಸಿಡಿಸಿತು. ಹಿರೋಶಿಮಾದ ಮೇಲೆ ಬಿದ್ದ ಬಾಂಬಿಗಿಂತ ಅದು ಸುಮಾರು ಸಾವಿರ ಪಾಲು ದೊಡ್ಡದು. ಅಪಾಯದ ವಲಯವೆಂದು ಸಾರಿದ್ದ ಗಡಿಯ ಹೊರಗೆ ಜಪಾನಿನ ಯಾಯ್ಜು ಬಂದರದ ಒಂದು ಮೀನುಗಾರರ ಹಡಗು ಇದ್ದಿತು. ಅದರ ಹೆಸರು ‘ದೈಗೋ ಫುಕುರ್ಯು ಮಾರು’. ಭಾಗ್ಯದ ನಾಗ ಎಂದು ಸ್ಥೂಲವಾಗಿ ಅರ್ಥ ಹೇಳಬಹುದು. ಅದರಲ್ಲಿದ್ದ 23 ಜನರ ಮೇಲೆ ಹವಳದ ಬಿಳಿಯ ಬೂದಿ ಹಿಮದಂತೆ ಸುರಿಯಿತು. ಊರಿಗೆ ಮರಳಿದಾಗ ಎಲ್ಲರೂ ಕಾಯಿಲೆ ಬಿದ್ದಿದ್ದರು. ಹಡಗಿನ ರೇಡಿಯೋ ನೋಡಿಕೊಳ್ಳುತ್ತಿದ್ದ ಕುಬೊಯಾಮಾ ಎಂಬವರು ಸೆಪ್ಟೆಂಬರ್ 23ರಂದು ತೀರಿಕೊಂಡರು. ಒಂಬತ್ತು ವರ್ಷದ ಹಿಂದೆ ಎರಡು ಊರುಗಳನ್ನು ಬೂದಿ ಮಾಡಿಸಿಕೊಂಡಿದ್ದ ಆ ದೇಶಕ್ಕೆ ಇದು ಹಳೆಯ ಗಾಯದ ಮೇಲೆ ಬಿದ್ದ ಹೊಸ ಬರೆ.

ಅದೇ ವರ್ಷ ತೋಹೋ ಕಂಪನಿಯ ನಿರ್ಮಾಪಕ ತೊಮೊಯುಕಿ ತನಾಕಾ ಎಂಬವರು ಇಂಡೋನೇಷ್ಯಾದವರ ಜೊತೆ ಕೂಡಿ ತೆಗೆಯಬೇಕೆಂದಿದ್ದ ಚಿತ್ರವೊಂದು ಮುರಿದುಬಿದ್ದು, ಬರಿಗೈಯಿಂದ ವಿಮಾನದಲ್ಲಿ ಮರಳುತ್ತಿದ್ದರು. ಕಿಟಕಿಯಿಂದ ಕೆಳಗಿನ ಕಡಲನ್ನು ನೋಡುತ್ತಿದ್ದಾಗ ಅವರಿಗೆ ಹೊಳೆಯಿತಂತೆ: ಈ ನೀರಿನ ತಳದಲ್ಲಿ ಒಂದು ಪ್ರಾಣಿ ಮಲಗಿದ್ದು, ಬಾಂಬಿನ ಪೆಟ್ಟಿಗೆ ಎಚ್ಚತ್ತು ಎದ್ದು ಬಂದರೆ? ಗೊರಿಲ್ಲಾಕ್ಕೆ ಜಪಾನೀ ಭಾಷೆಯಲ್ಲಿ ಗೊರಿರಾ, ತಿಮಿಂಗಿಲಕ್ಕೆ ಕುಜಿರಾ. ಎರಡನ್ನೂ ಬೆಸೆದು ಗೊಜಿರಾ ಎಂದು ಹೆಸರಾಯಿತು. ಚಿತ್ರವು ಜಪಾನಿನಲ್ಲೆಲ್ಲ ತೆರೆಕಂಡದ್ದು 1954ರ ನವೆಂಬರ್ 3ರಂದು. ಕುಬೊಯಾಮಾ ತೀರಿಕೊಂಡು ಆಗಿನ್ನೂ ಆರು ವಾರ ತುಂಬಿರಲಿಲ್ಲ. ಚಿತ್ರದ ಮೊದಲ ದೃಶ್ಯದಲ್ಲಿ ಒಂದು ಹಡಗಿನ ಮೇಲೆ ಹುಡುಗರು ಹಾಡು ಬಾರಿಸುತ್ತ ಕುಳಿತಿದ್ದಾರೆ. ಕಡಲಿನಲ್ಲಿ ಕಣ್ಣು ಕೋರೈಸುವ ಬೆಳಕು. ಹಡಗು ಉರಿದು ಹೋಗುತ್ತದೆ. ಅದು ಯಾವ ಹಡಗೆಂದು ಅಂದಿನ ಪ್ರೇಕ್ಷಕರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಚಿತ್ರವನ್ನು ನಿರ್ದೇಶಿಸಿದ ಇಷಿರೋ ಹೊಂಡಾ ಸೈನಿಕರಾಗಿ ಚೀನದಲ್ಲಿ ವರ್ಷಗಟ್ಟಲೆ ಕಳೆದವರು. ಯುದ್ಧ ಮುಗಿದು ಊರಿಗೆ ಬರುವ ದಾರಿಯಲ್ಲಿ ಸುಟ್ಟ ಹಿರೋಶಿಮಾವನ್ನು ಕಣ್ಣಾರೆ ಕಂಡವರು. ರಾಕ್ಷಸನ ಕೈಚಳಕವೆಲ್ಲ ಎಯ್ಜಿ ತ್ಸುಬುರಾಯಾ ಅವರದು. ಅಮೆರಿಕೆಯ 1933ರ ‘ಕಿಂಗ್ ಕಾಂಗ್’ ಚಿತ್ರದಲ್ಲಿ ಸಣ್ಣ ಬೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದೊಂದೇ ಚೌಕಟ್ಟನ್ನು ತೆಗೆದಿದ್ದರು. ತ್ಸುಬುರಾಯಾ ಆ ಚಿತ್ರವನ್ನು ಕಂಡು ಬೆರಗಾದವರೇ. ಆದರೆ ಆ ರೀತಿಯಲ್ಲಿ ತೆಗೆಯಲು ವರ್ಷಗಳೇ ಬೇಕು, ಅವರಿಗೆ ಇದ್ದದ್ದು ತಿಂಗಳುಗಳು. ಆದ್ದರಿಂದ ಅವರು ಬೇರೆಯದೇ ಉಪಾಯ ಹೂಡಿದರು: ಟೋಕಿಯೋ ನಗರವನ್ನೇ ಇಪ್ಪತ್ತೈದರಲ್ಲೊಂದು ಪಾಲಿನ ಅಳತೆಯಲ್ಲಿ ಚಿಕ್ಕದಾಗಿ ಕಟ್ಟಿಸಿ, ಮನುಷ್ಯನಿಗೆ ರಾಕ್ಷಸನ ವೇಷ ಹಾಕಿ ಅದರೊಳಗೆ ಬಿಟ್ಟರು.

ಇದನ್ನು ಓದಿದಾಗ ನನಗೆ ನಗು ಬಂದಿತು. ವೇಷ ಕಟ್ಟಿ ರಾಕ್ಷಸನಾಗುವುದು ನಮ್ಮವರಿಗೆ ಹೊಸದೇ? ಸಂಘದಲ್ಲಿ ಕರಾವಳಿಯ ಕಡೆಯ ಮಿತ್ರರು ಬೇಕಾದಷ್ಟು ಜನ ಇದ್ದಾರೆ. ಯಕ್ಷಗಾನದ ಬಣ್ಣದ ವೇಷ ಎಂದರೇನೆಂದು ಅವರನ್ನು ಕೇಳಿ. ತಾಸುಗಟ್ಟಲೆ ಮುಖವರ್ಣಿಕೆ ಮಾಡಿ, ಹೊರೆಯಂಥ ಕಿರೀಟ ಹೊತ್ತು, ಪಂಜಿನ ಬೆಳಕಿನಲ್ಲಿ ಆರ್ಭಟಿಸುತ್ತ ಬರುವ ರಾವಣನನ್ನು ಕಂಡ ಮಕ್ಕಳು ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದುದು ಎಷ್ಟೋ ಜನರ ಅನುಭವ. ಜಪಾನಿನ ಆ ವೇಷದೊಳಗೆ ಹೊಕ್ಕವರು ಹಾರುವೊ ನಕಾಜಿಮಾ ಎಂಬ ನಟರು. ಮೊದಲು ಮಾಡಿದ ರಬ್ಬರಿನ ವೇಷ ಸುಮಾರು 100 ಕಿಲೋ ತೂಗುತ್ತಿದ್ದಿತು. ಅದನ್ನು ಹೊತ್ತು ನಾಲ್ಕು ಹೆಜ್ಜೆ ಇಡುವುದೂ ಕಷ್ಟವಾಗಿ ಹಗುರಾದ ಇನ್ನೊಂದನ್ನು ಮಾಡಬೇಕಾಯಿತು. ಹಾಗಿದ್ದೂ ದೀಪಗಳ ಝಳಕ್ಕೆ ಕೆಲವೇ ನಿಮಿಷಗಳಲ್ಲಿ ತಲೆ ಸುತ್ತಿ ಹೊರಗೆ ಬರಬೇಕಾಗುತ್ತಿದ್ದಿತು. ಬಿಚ್ಚಿದ ವೇಷದೊಳಗಿಂದ ಬೆವರನ್ನು ಬಸಿಯುತ್ತಿದ್ದರಂತೆ. ಇನ್ನು ಆ ಗರ್ಜನೆ. ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ಅವರು ಆಳೆತ್ತರದ ಪಿಟೀಲಿನಂಥ ಡಬಲ್ ಬೇಸ್ ಎಂಬ ವಾದ್ಯದ ತಂತಿಗಳನ್ನು ಸಡಿಲಿಸಿ, ರಾಳ ಹಚ್ಚಿದ ಚರ್ಮದ ಕೈಚೀಲ ತೊಟ್ಟ ಕೈಯಿಂದ ಉಜ್ಜಿಸಿ ಅದನ್ನು ಹುಟ್ಟಿಸಿದರು. ಚೆಂಡೆಯ ಪೆಟ್ಟಿಗೆ ಎದೆ ನಡುಗುವುದನ್ನು ಬಲ್ಲವರಿಗೆ ಈ ವಿದ್ಯೆಯ ಗುಟ್ಟು ಬೇಗ ತಿಳಿದೀತು.

ಆದರೆ ಚಿತ್ರ ನಿಂತಿರುವುದು ಈ ಚಮತ್ಕಾರಗಳ ಮೇಲೆ ಮಾತ್ರವಲ್ಲ. ಅದರಲ್ಲಿ ಟೋಕಿಯೋದ ಒಬ್ಬ ಹೆಂಗಸು ರೈಲಿನಲ್ಲಿ ಹೋಗುತ್ತ, ತಾನು ನಾಗಾಸಾಕಿಯಿಂದ ಪಾರಾಗಿ ಬಂದವಳೆಂದು ಸಹಜವಾಗಿ ಹೇಳಿಬಿಡುತ್ತಾಳೆ. ರಾಕ್ಷಸನು ಊರನ್ನು ತುಳಿದು ಹೋದ ಮೇಲೆ ಆಸ್ಪತ್ರೆಯ ನೆಲದ ಮೇಲೆ ಮಕ್ಕಳನ್ನು ಮಲಗಿಸಿರುವ ದೃಶ್ಯ ಯುದ್ಧಕಾಲದ ವಾರ್ತಾಚಿತ್ರವೇ ಎನಿಸುತ್ತದೆ. ಕೊನೆಯಲ್ಲಿ ಸೆರಿಜಾವಾ ಎಂಬ ವಿಜ್ಞಾನಿ ಬಾಂಬಿಗಿಂತಲೂ ಘೋರವಾದ ಅಸ್ತ್ರವೊಂದನ್ನು ಕಂಡುಹಿಡಿದಿರುತ್ತಾನೆ. ರಾಕ್ಷಸನನ್ನು ಕೊಲ್ಲಲು ಅದನ್ನು ಒಂದೇ ಬಾರಿ ಬಳಸಲೊಪ್ಪಿ, ತನ್ನ ಕಾಗದಗಳನ್ನೆಲ್ಲ ಸುಟ್ಟು, ಆ ವಿದ್ಯೆ ಮತ್ತೊಬ್ಬರ ಕೈಗೆ ಸಿಗದಿರಲೆಂದು ತಾನೂ ಕಡಲಿನ ತಳದಲ್ಲಿಯೇ ಉಳಿದುಬಿಡುತ್ತಾನೆ. ಸಾಯುವ ಪ್ರಾಣಿ ನೀರಿನ ಮೇಲೆ ತಲೆಯೆತ್ತಿ ಒಮ್ಮೆ ಕೂಗುತ್ತದೆ. ನನ್ನ ಮಗ ಅತ್ತದ್ದು ಅಲ್ಲಿ. ಅವನು ಅತ್ತದ್ದು ಸೆರಿಜಾವಾನಿಗಾಗಿಯಲ್ಲ, ಆ ರಾಕ್ಷಸನಿಗಾಗಿ.

ಈ ಚಿತ್ರದ ಮುಂದಿನ ಚರಿತ್ರೆಯೂ ಗಮನಿಸತಕ್ಕದ್ದು. 1956ರಲ್ಲಿ ಅಮೆರಿಕೆಯವರು ಇದನ್ನು ಕೊಂಡು, ಬೇಡವೆನಿಸಿದ ಭಾಗಗಳನ್ನು ಕತ್ತರಿಸಿ, ರೇಮಂಡ್ ಬರ್ ಎಂಬ ತಮ್ಮ ನಟನನ್ನು ನಡುನಡುವೆ ಸೇರಿಸಿ ಹೊಸದೊಂದು ಚಿತ್ರ ಮಾಡಿದರು. ನಾಗಾಸಾಕಿಯ ಹೆಂಗಸಿನ ಮಾತು ಮಾಯವಾಯಿತು. ಬಾಂಬಿನ ಮೇಲಿನ ಆಕ್ರೋಶ ತಣ್ಣಗಾಯಿತು. ಹೊರಗಿನ ಪ್ರಪಂಚದ ಬಹುಭಾಗ ಗಾಡ್ಜಿಲ್ಲಾ ಎಂದು ನೋಡುತ್ತ ಬಂದದ್ದು ಈ ಕತ್ತರಿಸಿದ ಪ್ರತಿಯನ್ನೇ. ಆದರೆ ಜಪಾನಿನಲ್ಲಿ ಮೂಲ ಚಿತ್ರ ಉಳಿದಿದ್ದಿತು. ಐವತ್ತು ವರ್ಷಗಳ ಮೇಲೆ, 2004ರಲ್ಲಿ, ಅದೇ ಅಮೆರಿಕೆಯ ಚಿತ್ರಮಂದಿರಗಳಲ್ಲಿ ಮೂಲದ ಪ್ರತಿ ಪ್ರದರ್ಶನಗೊಂಡಿತು. ಇದು ಮಕ್ಕಳ ಆಟವಲ್ಲ, ಒಂದು ದೇಶದ ಶೋಕವೆಂದು ಜನರು ಅರಿತರು. ಅದರ ಸಂತತಿ ಇನ್ನೂ ನಡೆದಿದೆ. 2023ರ ನವೆಂಬರ್ 3ರಂದು ತೆರೆಕಂಡ ‘ಗಾಡ್ಜಿಲ್ಲಾ ಮೈನಸ್ ಒನ್’ ಚಿತ್ರಕ್ಕೆ 2024ರಲ್ಲಿ ದೃಶ್ಯಚಮತ್ಕಾರಕ್ಕಾಗಿ ಆಸ್ಕರ್ ಪ್ರಶಸ್ತಿ ಬಂದಿತು. ಮೂಲ ಉಳಿದಿದ್ದರಿಂದಲ್ಲವೆ ಮುಂದಿನವರು ಅದನ್ನು ನೋಡಿ ಕಲಿತದ್ದು?

ಹಾಗೆಂದು ಜಪಾನಿನವರು ಎಲ್ಲವನ್ನೂ ಕಾಪಾಡಿಕೊಂಡ ಮಹಾತ್ಮರೆಂದು ಹೇಳಲಾಗದು. ಕಿಂಗ್ ಕಾಂಗ್‌ನ ಹೆಸರಿಟ್ಟುಕೊಂಡು ಅವರು 1933ರಲ್ಲಿ ಒಂದು ಕಿರುಚಿತ್ರವನ್ನೂ, 1938ರಲ್ಲಿ ಎಡೋ ನಗರಕ್ಕೆ ಆ ಕಪಿ ಬಂದ ಕಥೆಯನ್ನೂ ತೆಗೆದಿದ್ದರು. ಅವೆರಡೂ ಇಂದು ಇಲ್ಲ. ಕೆಲವು ಚಿತ್ರಪಟಗಳೂ ಜಾಹೀರಾತುಗಳೂ ಮಾತ್ರ ಉಳಿದಿವೆ. ಕಳೆದುಕೊಳ್ಳುವುದರಲ್ಲಿ ಎಲ್ಲ ದೇಶಗಳೂ ಸಮಾನರೇ.

ಈಗ ನಮ್ಮ ಮನೆಯ ಲೆಕ್ಕಕ್ಕೆ ಬರೋಣ. ನನ್ನ ಹೆಂಡತಿ ಹಾಸ್ಯಕ್ಕೆ ಹೇಳಿದ ಮಾತು ಇತಿಹಾಸದ ದೃಷ್ಟಿಯಿಂದ ಸತ್ಯವೇ ಆಗಿದ್ದಿತು. ಕಿಂಗ್ ಕಾಂಗ್ ಹುಟ್ಟುವುದಕ್ಕೆ ಹದಿನಾರು ವರ್ಷ ಮೊದಲೇ, 1917ರಲ್ಲಿ, ದಾದಾಸಾಹೇಬ ಫಾಲ್ಕೆಯವರು ‘ಲಂಕಾದಹನ’ವನ್ನು ತೆಗೆದಿದ್ದರು. ಊರು ಸುಡುವ ಮಹಾಕಪಿಯನ್ನು ತೆರೆಯ ಮೇಲೆ ತಂದವರಲ್ಲಿ ನಾವು ಹಿಂದೆ ಬಿದ್ದವರಲ್ಲ. ಆ ಚಿತ್ರದಲ್ಲಿ ಅಣ್ಣಾ ಸಾಳುಂಕೆ ಎಂಬ ನಟರು ರಾಮನೂ ಆಗಿ ಸೀತೆಯೂ ಆಗಿ ನಟಿಸಿದರು. ಜನ ಹೇಗೆ ಮುಗಿಬಿದ್ದರೆಂದರೆ, ಬಂದ ಚಿಲ್ಲರೆ ಹಣವನ್ನು ಎತ್ತಿನ ಗಾಡಿಯಲ್ಲಿ ಸಾಗಿಸಬೇಕಾಯಿತೆಂಬ ಕಥೆ ಇಂದಿಗೂ ಹೇಳಲ್ಪಡುತ್ತದೆ. ಹಣ ಗಾಡಿಯ ತುಂಬ ಬಂದಿತು. ಚಿತ್ರ ಮಾತ್ರ ತುಣುಕಿನಷ್ಟು ಉಳಿಯಿತು.

ಫಾಲ್ಕೆಯವರದೇ 1919ರ ‘ಕಾಲಿಯಾ ಮರ್ದನ’ದ ಅದೃಷ್ಟ ಇದಕ್ಕಿಂತ ಚೆನ್ನಾಗಿದ್ದಿತು. ಯಮುನೆಯ ಮಡುವಿನಲ್ಲಿ ಮಹಾಸರ್ಪ, ಅದರ ಹೆಡೆಯ ಮೇಲೆ ಕುಣಿಯುವ ಬಾಲಕೃಷ್ಣ. ಕೃಷ್ಣನಾದವಳು ಫಾಲ್ಕೆಯವರ ಪುಟ್ಟ ಮಗಳು ಮಂದಾಕಿನಿ. ಚಿತ್ರದ ಆರಂಭದಲ್ಲಿ ಅವಳ ಮುಖವನ್ನು ತೋರಿಸಿ, ನಗು, ಅಳು, ಸಿಟ್ಟುಗಳನ್ನೆಲ್ಲ ಅವಳಿಂದ ಮಾಡಿಸಿ, ಆ ಮೇಲೆ ಕೃಷ್ಣನ ವೇಷಕ್ಕೆ ತಿರುಗಿಸುತ್ತಾರೆ. ತಂದೆಯೊಬ್ಬನ ಹೆಮ್ಮೆ ನೂರು ವರ್ಷ ದಾಟಿ ನಮ್ಮ ತನಕ ಬಂದಿದೆ. ಇದು ಹೇಗೆ ಉಳಿಯಿತೆಂಬುದನ್ನು ಮುಂದೆ ಹೇಳುತ್ತೇನೆ.

ಇನ್ನು ಕನ್ನಡಿಗರಾದ ನಮಗೆ ಎಲ್ಲಕ್ಕಿಂತ ಹತ್ತಿರದ ಸಂಗತಿ. ಕನ್ನಡದ ಮೊದಲ ಬೋಲಪಟ ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ ತೆರೆಕಂಡದ್ದು 1934ರ ಮಾರ್ಚ್ 3ರಂದು. ಅದನ್ನು ತೆಗೆದದ್ದು ಎಲ್ಲಿ? ಬೆಂಗಳೂರಿನಲ್ಲಲ್ಲ, ಮೈಸೂರಿನಲ್ಲೂ ಅಲ್ಲ. ಅಂದು ಅಲ್ಲೆಲ್ಲೂ ಮಾತಿನ ಚಿತ್ರ ತೆಗೆಯುವ ಅನುಕೂಲವಿರಲಿಲ್ಲ. ತೆಗೆದದ್ದು ಕೊಲ್ಹಾಪುರದ ಛತ್ರಪತಿ ಸಿನೆಟೋನ್ ಸ್ಟುಡಿಯೋದಲ್ಲಿ. ಚಮನ್‌ಲಾಲ್ ಡೂಂಗಾಜಿ ಎಂಬ ವ್ಯಾಪಾರಿಗಳು ಹಣ ಹಾಕಿದರು; ವೈ. ವಿ. ರಾವ್ ನಿರ್ದೇಶಿಸಿದರು, ಬೆಳ್ಳಾವೆ ನರಹರಿ ಶಾಸ್ತ್ರಿಗಳು ಮಾತು, ಹಾಡುಗಳನ್ನು ಬರೆದರು. ಆರ್. ನಾಗೇಂದ್ರರಾಯರು ರಾವಣ, ಸುಬ್ಬಯ್ಯ ನಾಯ್ಡು ಅವರು ಇಂದ್ರಜಿತು, ತ್ರಿಪುರಾಂಬ ಅವರು ಸುಲೋಚನೆ. ನಾಟಕದ ಕಂಪನಿಗಳಲ್ಲಿ ಪಳಗಿದ ಈ ಕಲಾವಿದರು ಪರಭಾಷೆಯ ಊರಿಗೆ ಬಂದು, ಎರಡು ತಿಂಗಳ ಕಾಲ ಬಿಡಾರ ಹೂಡಿ ಕನ್ನಡ ಮಾತಾಡಿದರು. ಹೊಟ್ಟೆಪಾಡಿಗೆ ಮರಾಠಿ ಊರಿಗೆ ಬಂದು ಮನೆಯೊಳಗೆ ಕನ್ನಡ ಉಳಿಸಿಕೊಳ್ಳುವ ನಾವೆಲ್ಲ ಒಂದು ಲೆಕ್ಕಕ್ಕೆ ಅವರ ವಂಶದವರೇ ಎಂದರೆ ತಪ್ಪಾಗಲಾರದು.

ಕಥೆಯನ್ನಾದರೂ ಗಮನಿಸಿ. ರಾಮಾಯಣದಲ್ಲಿ ನೂರು ಕಥೆಗಳಿರಲು, ಕನ್ನಡ ತೆರೆ ಬಾಯಿ ಬಿಟ್ಟ ಮೊದಲ ಸಲ ಆರಿಸಿಕೊಂಡದ್ದು ರಾಕ್ಷಸನ ಮನೆಯ ಸೊಸೆಯ ದುಃಖವನ್ನು! ಇಂದ್ರಜಿತು ಗೆದ್ದವರ ಕಣ್ಣಿಗೆ ಮಾಯಾವಿ ರಾಕ್ಷಸ, ಸುಲೋಚನೆಗೆ ಗಂಡ. ಕಡಲಿನಲ್ಲಿ ಸಾಯುವ ಗಾಡ್ಜಿಲ್ಲಾನನ್ನು ಕಂಡು ಅತ್ತ ನನ್ನ ಮಗನಿಗೆ ಈ ಚಿತ್ರವನ್ನು ತೋರಿಸಬೇಕೆಂದು ನನಗೆ ತುಂಬ ಆಸೆಯಾಯಿತು. ತೋರಿಸುವಂತಿಲ್ಲ. ‘ಸತಿ ಸುಲೋಚನಾ’ದ ಪ್ರತಿ ಎಲ್ಲಿಯೂ ಉಳಿದಿಲ್ಲ. ಕನ್ನಡ ತೆರೆಯ ಮೇಲೆ ಆಡಿದ ಮೊದಲ ಮಾತು ಹೇಗೆ ಕೇಳಿಸಿತೆಂಬುದನ್ನು ಇಂದು ಬದುಕಿರುವ ಕನ್ನಡಿಗನು ಕೇಳಲಾರ.

ಇನ್ನು ಗಾಡ್ಜಿಲ್ಲಾನ ನೇರ ಸಂಬಂಧಿ. ಹುಡುಕುತ್ತ ಹೋದಾಗ ನನಗೆ ದೊರೆತ ಹೆಸರು ‘ಗೊಗೋಲಾ’. 1966ರಲ್ಲಿ ತಯಾರಾದ ಹಿಂದೀ ಚಿತ್ರ. ನಿರ್ದೇಶಕರು ಬಲವಂತ ದವೆ. ಕಡಲಿನಿಂದೆದ್ದು ಬಂದ ದೈತ್ಯನು ಮುಂಬಯಿಯ ಮೇಲೆ ಬೀಳುವ ಕಥೆ. ಹೆಸರನ್ನು ನೋಡಿದರೇ ಯಾವ ಮನೆಯ ಕೂಸೆಂದು ತಿಳಿಯುತ್ತದೆ. ಮುಂದೆ ದೂರದರ್ಶನದಲ್ಲಿ ಮನೆಮಾತಾದ ತಬಸ್ಸುಮ್ ಅದರ ನಾಯಕಿ. ರಾಯ್ ಮತ್ತು ಫ್ರಾಂಕ್ ಎಂಬ ಜೋಡಿಯ ಸಂಗೀತ. ಅದರಲ್ಲಿ ತಲತ್ ಮಹಮೂದರು ಮುಬಾರಕ್ ಬೇಗಮರ ಜೊತೆ ಹಾಡಿದ ಒಂದು ಹಾಡು ಎಷ್ಟು ಮೃದುವಾಗಿದೆಯೆಂದರೆ, ಅದು ರಾಕ್ಷಸನ ಚಿತ್ರದ್ದೆಂದು ಹೇಳಿದರೆ ಕೇಳಿದವರು ನಂಬುವುದಿಲ್ಲ. ಆ ಹಾಡನ್ನು ಇಂದೂ ಕೇಳಬಹುದು. ಚಿತ್ರದ ಭಿತ್ತಿಪತ್ರವನ್ನು ನೋಡಬಹುದು. ಚಿತ್ರಮಂದಿರದ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಿಕೆಯಿಂದ ಕಥೆಯನ್ನು ಅಷ್ಟಿಷ್ಟು ತಿಳಿಯಬಹುದು. ಚಿತ್ರವನ್ನು ಮಾತ್ರ ನೋಡುವಂತಿಲ್ಲ; ಅದೂ ಕಳೆದುಹೋದದ್ದೆಂದೇ ಎಣಿಸಲಾಗಿದೆ. ಅದೊಂದು ಮಹಾಕೃತಿಯಾಗಿದ್ದಿತೆಂದು ನಾನು ವಾದಿಸುವುದಿಲ್ಲ; ಬಹುಶಃ ನೋಡಿದರೆ ನಗು ಬಂದೀತು. ಆದರೆ ನಗುವುದಕ್ಕಾದರೂ ಅದು ಇರಬೇಕಲ್ಲ!

ಇವೆಲ್ಲ ಹೋದದ್ದು ಹೇಗೆ? ಹಳೆಯ ಕಾಲದ ಫಿಲ್ಮು ನೈಟ್ರೇಟ್ ಎಂಬ ವಸ್ತುವಿನದು, ಸಿಡಿಮದ್ದಿನ ದಾಯಾದಿ. ಬೆಂಕಿ ತಗಲಿದರೆ ನೀರಿನಿಂದಲೂ ಆರದು. ಬೆಂಕಿ ಬೀಳದಿದ್ದರೆ ಸೆಕೆಗೆ ತಾನಾಗಿಯೇ ಅಂಟಾಗಿ, ಕೊನೆಗೆ ಕಂದು ಪುಡಿಯಾಗುತ್ತದೆ. ಮುಂದೆ ಬಂದ ಅಸಿಟೇಟ್ ಫಿಲ್ಮು ಅಷ್ಟು ಸುಲಭವಾಗಿ ಉರಿಯದು. ಆದರೆ ಬೆಚ್ಚನೆಯ ತೇವದಲ್ಲಿಟ್ಟರೆ ಹುಳಿ ವಾಸನೆ ಬಂದು ಸುರುಟಿಹೋಗುತ್ತದೆ. ಇದು ಪ್ರಕೃತಿಯ ತಪ್ಪು. ಮನುಷ್ಯನ ತಪ್ಪು ಬೇರೆ ಇದೆ. ಕಪ್ಪುಬಿಳುಪು ಫಿಲ್ಮಿನ ಚಿತ್ರ ನಿಂತಿರುವುದು ಬೆಳ್ಳಿಯ ಕಣಗಳ ಮೇಲೆ. ಓಟ ಮುಗಿದ ಚಿತ್ರದ ಸುರುಳಿಗಳನ್ನು ತೂಕಕ್ಕೆ ಮಾರಿ, ತೊಳೆದು ಬೆಳ್ಳಿ ತೆಗೆಯುವುದು ಒಂದು ಕಸಬೇ ಆಗಿದ್ದಿತು. ಲೆಕ್ಕ ಬರೆಯುವವನಾಗಿ ನಾನು ಅವರನ್ನು ಪೂರ್ತಿ ದೂಷಿಸಲಾರೆ. ಸಾಲ ಮೈಮೇಲಿದ್ದ ನಿರ್ಮಾಪಕನಿಗೆ ಓಡದ ಚಿತ್ರವೆಂದರೆ ಬಾಡಿಗೆ ತಿನ್ನುವ ಡಬ್ಬಿಗಳ ರಾಶಿ. ಬೆಳ್ಳಿಯೆಂದರೆ ಅಂದಿನ ರೊಕ್ಕ. ನಮ್ಮ ದೇಶದಲ್ಲಿ ಸಾವಿರಕ್ಕೂ ಹೆಚ್ಚು ಮೂಕಿಚಿತ್ರಗಳು ತಯಾರಾದವು; ಇಂದು ಹತ್ತಕ್ಕೊಂದೂ ಉಳಿದಿಲ್ಲ.

ಉಳಿದವುಗಳ ಕಥೆ ನಮ್ಮ ಪುಣೆಯದು. ಡೆಕ್ಕನ್ ಕಡೆಯಿಂದ ಲಾ ಕಾಲೇಜ್ ರೋಡಿನಲ್ಲಿ ಹೋಗುವಾಗ ನಾವು ದಿನವೂ ದಾಟುವ ಫಿಲ್ಮ್ ಇನ್‌ಸ್ಟಿಟ್ಯೂಟಿನ ಆವರಣ ಮೊದಲು ಪ್ರಭಾತ ಕಂಪನಿಯದಾಗಿದ್ದಿತು. 1929ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿದ ಪ್ರಭಾತ 1933ರಲ್ಲಿ ಪುಣೆಗೆ ಬಂದಿತು. 1936ರ ‘ಸಂತ ತುಕಾರಾಮ’ ಚಿತ್ರದ ಕೊನೆಯಲ್ಲಿ ತುಕೋಬಾರನ್ನು ವೈಕುಂಠಕ್ಕೆ ಹೊತ್ತೊಯ್ಯುವ ಮಹಾಪಕ್ಷಿಯ ವಿಮಾನವನ್ನು ಹಾರಿಸಿದ್ದು ಆ ಕಂಪನಿಯವರೇ. ಆ ಪಕ್ಷಿಯನ್ನು ಇಂದಿಗೂ ನೋಡಬಹುದು. ನನ್ನ ಮಗನಿಗೆ ತೋರಿಸಿದೆ. “ಇದು ಚಲೋ ರಾಕ್ಷಸ” ಎಂದ.

ಅದೇ ರಸ್ತೆಯಲ್ಲಿ ಭಾರತದ ರಾಷ್ಟ್ರೀಯ ಚಲಚ್ಚಿತ್ರ ಭಂಡಾರ 1964ರ ಫೆಬ್ರವರಿಯಲ್ಲಿ ಆರಂಭವಾಯಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರು ಪಿ. ಕೆ. ನಾಯರ್, 1933ರಲ್ಲಿ ತಿರುವನಂತಪುರದಲ್ಲಿ ಹುಟ್ಟಿ, ನಮ್ಮ ಹಾಗೆಯೇ ದಕ್ಷಿಣದಿಂದ ಪುಣೆಗೆ ಬಂದು ನೆಲೆಸಿದವರು. ಚಿಕ್ಕಂದಿನಲ್ಲಿ ಚಿತ್ರಮಂದಿರದ ಟಿಕೇಟಿನ ಚೂರುಗಳನ್ನು ಕೂಡಿಡುತ್ತಿದ್ದ ಹುಡುಗ, ದೊಡ್ಡವನಾಗಿ ಇಡೀ ದೇಶದ ಚಿತ್ರಗಳನ್ನು ಕೂಡಿಡುವವನಾದ. ಊರೂರು ತಿರುಗಿ, ಹಳೆಯ ಉಗ್ರಾಣಗಳಲ್ಲಿ ಕೈಹಾಕಿ, ಸಾವಿರಾರು ಚಿತ್ರಗಳನ್ನು ತಂದರು. ನಾಸಿಕದ ಫಾಲ್ಕೆಯವರ ಮನೆಯವರಿಂದ ‘ರಾಜಾ ಹರಿಶ್ಚಂದ್ರ’, ‘ಕಾಲಿಯಾ ಮರ್ದನ’ಗಳ ಸುರುಳಿಗಳನ್ನು ಪಡೆದು, ಬಿಡಿ ತುಂಡುಗಳನ್ನು ಜೋಡಿಸಿದವರು ಅವರೇ. ಮಂದಾಕಿನಿಯ ನಗು ಉಳಿದದ್ದು ಹೀಗೆ. ನಾಯರರು 1991ರಲ್ಲಿ ನಿವೃತ್ತರಾದರು. 2016ರ ಮಾರ್ಚ್ 4ರಂದು ಪುಣೆಯಲ್ಲಿಯೇ ತೀರಿಕೊಂಡರು. ಕಾಪಾಡಿದ್ದಕ್ಕೂ ಕಂಟಕ ತಪ್ಪಿದ್ದಲ್ಲ: 2003ರ ಜನವರಿ 8ರಂದು ಪ್ರಭಾತದ ಕಾಲದ ಉಗ್ರಾಣಕ್ಕೆ ಬೆಂಕಿ ಬಿದ್ದು ಹಳೆಯ ನೈಟ್ರೇಟ್ ಸುರುಳಿಗಳು ಸುಟ್ಟುಹೋದವು. ಅವುಗಳಲ್ಲಿ ಹಲವಕ್ಕೆ ಮೊದಲೇ ಬೇರೆ ಪ್ರತಿ ಮಾಡಿಸಿಟ್ಟದ್ದು ಪುಣ್ಯ.

ಇಲ್ಲಿಯವರೆಗೆ ಬೇರೆಯವರ ಲೆಕ್ಕ ತೆಗೆದೆ. ನನ್ನ ಲೆಕ್ಕವನ್ನು ಮುಚ್ಚಿಟ್ಟರೆ ಅನ್ಯಾಯವಾದೀತು. ಧಾರವಾಡದಲ್ಲಿ ನಮ್ಮ ಅಜ್ಜನಿಗೆ ಸಿನಿಮಾದ ಹುಚ್ಚು. ನೋಡಿದ ಪ್ರತಿಯೊಂದು ಚಿತ್ರದ ಹಾಡಿನ ಪುಸ್ತಿಕೆಯನ್ನು ಒಂದಾಣೆ ಎರಡಾಣೆ ಕೊಟ್ಟು ಕೊಂಡು, ಮೇಲೆ ತಾರೀಖು ಹಾಕಿ, ಒಂದು ತಗಡಿನ ಟ್ರಂಕಿನಲ್ಲಿ ಇಡುತ್ತಿದ್ದ. ಕನ್ನಡ, ಮರಾಠಿ, ಹಿಂದಿ ಎಲ್ಲವೂ ಅದರಲ್ಲಿದ್ದವು. ಅಜ್ಜ ತೀರಿಕೊಂಡ ಮೇಲೆ ಊರ ಮನೆ ಖಾಲಿ ಮಾಡುವಾಗ ಆ ಟ್ರಂಕು ನನ್ನ ಪಾಲಿಗೆ ಬಂದಿತು. ಪುಣೆಯ ಎರಡು ಖೋಲಿಯ ಮನೆಯಲ್ಲಿ ಅದಕ್ಕೆ ಜಾಗವೆಲ್ಲಿ? ಕಾಗದವನ್ನೆಲ್ಲ ರದ್ದಿಯವನಿಗೆ ತೂಗಿ ಕೊಟ್ಟೆ. ಹನ್ನೊಂದು ಕಿಲೋ ಆಯಿತು. ಟ್ರಂಕು ಗಟ್ಟಿಯಾಗಿದ್ದಿತೆಂದು ಇಟ್ಟುಕೊಂಡೆ. ಈಗ ಅದರಲ್ಲಿ ಚಳಿಗಾಲದ ಹೊದಿಕೆಗಳಿವೆ. ಗೊಗೋಲಾನ ಕಥೆ ಒಂದು ಹಾಡಿನ ಪುಸ್ತಿಕ ಉಳಿದದ್ದರಿಂದ ತಿಳಿಯುತ್ತದೆಂದು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಹನ್ನೊಂದು ಕಿಲೋದಲ್ಲಿ ಏನಿದ್ದಿತೆಂದು ನಾನು ಒಮ್ಮೆಯಾದರೂ ಬಿಚ್ಚಿ ನೋಡಿರಲಿಲ್ಲ. ಬೆಳ್ಳಿಗಾಗಿ ಚಿತ್ರ ತೊಳೆದವನಿಗೂ ನನಗೂ ಭೇದವೇನು? ಅವನಿಗೆ ಬೆಳ್ಳಿಯಾದರೂ ಸಿಕ್ಕಿತು.

ನಮ್ಮ ಬ್ಯಾಂಕಿನಲ್ಲಿ ಒಂದು ನಿಯಮವಿದೆ. ಹತ್ತು ವರ್ಷ ಯಾರೂ ಕೇಳದೆ ಬಿದ್ದ ಠೇವಣಿಯನ್ನು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಕಳುಹಿಸುತ್ತೇವೆ. ಆದರೆ ಅದು ಮುಳುಗಿತೆಂದು ಅರ್ಥವಲ್ಲ. ಮುಂದೆ ಎಂದಾದರೂ ವಾರಸುದಾರನು ಕಾಗದಪತ್ರ ಹಿಡಿದು ಬಂದರೆ, ಅವನ ಹಣ ಅವನಿಗೆ ಸಲ್ಲುತ್ತದೆ. ಅಜ್ಜನ ಖಾತೆಯ ಹಣವನ್ನು ಮೊಮ್ಮಗನು ಬಂದು ಪಡೆಯುವುದನ್ನು ನಾನೇ ಕೌಂಟರಿನ ಈಚೆಯಿಂದ ಕಂಡಿದ್ದೇನೆ. ಹಣಕ್ಕೆ ಇಂಥ ವ್ಯವಸ್ಥೆ ಮಾಡಿಕೊಂಡ ನಾವು ನೆನಪಿಗೆ ಮಾಡಿಕೊಂಡಿಲ್ಲ. ರದ್ದಿಗೆ ಹೋದ ಕಾಗದಕ್ಕೆ ವಾರಸುದಾರ ಬಂದರೂ ಸಲ್ಲಿಸುವ ನಿಧಿ ಯಾವುದೂ ಇಲ್ಲ.

ಆದ್ದರಿಂದ ಈ ಸಂಚಿಕೆಯನ್ನು ಓದುವ ಮನೆಗಳವರಲ್ಲಿ ನನ್ನದೊಂದು ಬಿನ್ನಹ. ನಮ್ಮಲ್ಲಿ ಎಷ್ಟೋ ಜನ ಬೆಳಗಾವಿ, ವಿಜಾಪುರ, ಕಲಬುರ್ಗಿ, ಉಡುಪಿಗಳ ಕಡೆಯಿಂದ ಟ್ರಂಕು ಹೊತ್ತು ಬಂದವರ ಮಕ್ಕಳು, ಮೊಮ್ಮಕ್ಕಳು. ಮಾಳಿಗೆಯ ಮೇಲೆ, ಮಂಚದ ಕೆಳಗೆ ಆ ಟ್ರಂಕುಗಳು ಇನ್ನೂ ಇದ್ದಾವು. ದೀಪಾವಳಿಯ ಧೂಳು ಹೊಡೆಯುವಾಗ ಒಮ್ಮೆ ಬಿಚ್ಚಿ ನೋಡಿರಿ. ಹಳೆಯ ಹಾಡಿನ ಪುಸ್ತಿಕ, ನಾಟಕದ ಕಂಪನಿಯ ಹಸ್ತಪತ್ರಿಕೆ, ಚಿತ್ರದ ಭಿತ್ತಿಪತ್ರ, ಸುರುಳಿ ಸುತ್ತಿದ ಫಿಲ್ಮು ಯಾವುದಾದರೂ ಸಿಕ್ಕರೆ ತೂಕಕ್ಕೆ ಹಾಕಬೇಡಿರಿ. ಲಾ ಕಾಲೇಜ್ ರೋಡಿನ ಭಂಡಾರದವರು ಚಿತ್ರಗಳನ್ನಷ್ಟೇ ಅಲ್ಲದೆ ಪುಸ್ತಿಕೆ, ಭಿತ್ತಿಪತ್ರ, ಛಾಯಾಚಿತ್ರಗಳನ್ನೂ ಕೂಡಿಡುತ್ತಾರೆ. ಅಲ್ಲಿಗೆ ಹೋಗಲು ಸಂಕೋಚವಾದರೆ ಸಂಘದ ಕಚೇರಿಗೆ ತನ್ನಿರಿ. ರವಿವಾರದ ದಿನ ಪಟ್ಟಿ ಬರೆಯುವ ಕೆಲಸಕ್ಕೆ ಈ ಗುಮಾಸ್ತ ಸಿದ್ಧನಿದ್ದಾನೆ. ‘ಸತಿ ಸುಲೋಚನಾ’ದ ಒಂದು ಸುರುಳಿ ಎಲ್ಲೋ ಒಂದು ಕಡೆ ಇದ್ದೀತೆಂಬ ಆಸೆಯನ್ನು ನಾನಂತೂ ಬಿಟ್ಟಿಲ್ಲ. ನಾಸಿಕದಲ್ಲಿ ಸಿಕ್ಕದ್ದು ಕೊಲ್ಹಾಪುರದಲ್ಲಿ ಸಿಗಬಾರದೆಂದೇನೂ ಇಲ್ಲ.

ಗಾಡ್ಜಿಲ್ಲಾ ಟೋಕಿಯೋದಲ್ಲಿ ತೆರೆಕಂಡ 1954ರ ನವೆಂಬರಿನಲ್ಲಿ ಕನ್ನಡನಾಡು ಇನ್ನೂ ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದಿತು. ಎರಡು ವರ್ಷಗಳ ಮೇಲೆ, 1956ರ ನವೆಂಬರ್ 1ರಂದು, ತುಂಡುಗಳು ಕೂಡಿದವು. ನಾವು ಇಂದು ಹಬ್ಬ ಮಾಡುವುದು ಆ ಕೂಡುವಿಕೆಗಾಗಿ. ಒಂದು ನಾಡನ್ನು ಚೂರುಚೂರಾಗಿ ಕೂಡಿಸಿದವರ ಮಕ್ಕಳಿಗೆ ನಾಲ್ಕು ಡಬ್ಬಿ ಫಿಲ್ಮು, ನಾಲ್ಕು ಹಾಳೆ ಕಾಗದ ಕೂಡಿಸುವುದು ಅಸಾಧ್ಯವಾಗಬಾರದು.

ಮಗನಿಗೆ ಕೊನೆಗೆ ಉತ್ತರ ಹೇಳಿದೆ: “ತಗದಿದ್ರಪ್ಪಾ, ಬೇಕಾದಷ್ಟು ತಗದಿದ್ರು. ಇಟ್ಟುಕೊಳ್ಳಲಿಲ್ಲ ಅಷ್ಟ.” ಅವನು ಸ್ವಲ್ಪ ಹೊತ್ತು ಯೋಚಿಸಿ, ತನ್ನ ಕೋಣೆಗೆ ಹೋಗಿ, ತಾನು ಬರೆದಿದ್ದ ಗಾಡ್ಜಿಲ್ಲಾನ ಚಿತ್ರವನ್ನು ತಂದು ನನ್ನ ಕೈಯಲ್ಲಿಟ್ಟ. “ಇದನ್ನ ರದ್ದಿಗೆ ಹಾಕಬ್ಯಾಡ” ಎಂದ. ಹೊದಿಕೆಗಳನ್ನು ಸರಿಸಿ, ಅಜ್ಜನ ಟ್ರಂಕಿನಲ್ಲಿ ಅದನ್ನು ಇಟ್ಟಿದ್ದೇನೆ. ಅಜ್ಜ ಮಾಡುತ್ತಿದ್ದ ಹಾಗೆ, ಮೇಲೆ ತಾರೀಖು ಹಾಕಿ.